47ನೇ ನಿಮಿಷ ಎಲ್ಲಿ ಹೋಯಿತು?

ಪಿಎಚ್‌ಡಿ ಮಾಡುವಾಗ ಕನ್ನಡ ಸಿನಿಮಾಗಳ ಮೇಲೆ ಒಂದು ಅಧ್ಯಾಯ ಬರೆದಿದ್ದೆ. ಪುಸ್ತಕಗಳಿಗೆಲ್ಲ ಪುಟ ಸಂಖ್ಯೆ ಸಮೇತ ಅಡಿಟಿಪ್ಪಣಿ ಹಾಕಿದ್ದೆ. ಸಿನಿಮಾಗಳಿಗೆ ಮಾತ್ರ ಹೆಸರು, ಯೂಟ್ಯೂಬ್ ಲಿಂಕ್, ಅಷ್ಟೇ. 'ನಾಗರಹಾವು' ಚಿತ್ರದ ಒಂದು ದೃಶ್ಯದ ಬಗ್ಗೆ ಎರಡು ಪುಟ ಬರೆದು, ಕೊನೆಗೆ '47ನೇ ನಿಮಿಷ' ಅಂತ ಸೇರಿಸಿದ್ದೆ. ಅದನ್ನೇ ದೊಡ್ಡ ಶಿಸ್ತು ಅಂದುಕೊಂಡಿದ್ದೆ.

ನನ್ನ ಗೈಡ್ ಮೇಡಂ ಮನೆಯಲ್ಲಿ ಆ ಚಿತ್ರದ ಡಿವಿಡಿ ಇತ್ತು. ಹಾಕಿ ನೋಡಿದ್ದಾರೆ. ಮಾರನೇ ದಿನ ಕರೆದು ಕೇಳಿದರು: "ಅಲ್ಲಮ್ಮಾ, 47ನೇ ನಿಮಿಷದಲ್ಲಿ ನೀನು ಹೇಳಿದ್ದು ಇಲ್ವಲ್ಲ? ನೀನು ನೋಡಿದ್ದು ಯಾವ ಕಾಪಿ?"

ಯಾವ ಕಾಪಿ ಅಂದರೆ? ಸಿನಿಮಾ ಒಂದೇ ತಾನೇ? ಅಲ್ಲ. ಇದು ತಲೆಗೆ ಹೋಗಲು ನನಗೆ ಒಂದು ವಾರ ಹಿಡಿಯಿತು.

ಸಿನಿಮಾ ರೀಲು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಪಾಲ್ ಪದ್ಧತಿಯ (ನಮ್ಮ ಹಳೆಯ ಟಿವಿಗಳ ಪದ್ಧತಿ) ಟೇಪಿಗೋ ಡಿವಿಡಿಗೋ ಇಳಿಸಿದಾಗ ಅದು ಸಾಮಾನ್ಯವಾಗಿ 25 ಆಗುತ್ತದೆ. ಅವೇ ಚಿತ್ರಗಳು, ಸ್ವಲ್ಪ ಬೇಗ ಬೇಗ. ಹಾಗಾಗಿ ಒಂದು ಗಂಟೆಯ ಸಿನಿಮಾ 57 ನಿಮಿಷ 36 ಸೆಕೆಂಡಿಗೇ ಮುಗಿಯುತ್ತದೆ. ಎರಡೂವರೆ ಗಂಟೆಯ ಚಿತ್ರದಲ್ಲಿ ಒಂದು ದೃಶ್ಯವನ್ನೂ ಕತ್ತರಿಸದೆ ಆರು ನಿಮಿಷ ಮಾಯ! ಇದರ ಮೇಲೆ ಯೂಟ್ಯೂಬಿಗೆ ಏರಿಸಿದವರ ಕೈಚಳಕ ಬೇರೆ. ಶುರುವಿನಲ್ಲಿ ಅವರ ಲೋಗೋ, ನಡುವೆ ಇನ್ನೊಂದು ಸಿನಿಮಾದ ಜಾಹೀರಾತು, ಕೆಲವೊಮ್ಮೆ ಹಾಡಿಗೇ ಕತ್ತರಿ. ನನ್ನ 47ನೇ ನಿಮಿಷ ನಾನು ನೋಡಿದ ಆ ಒಂದು ಕಾಪಿಯಲ್ಲಿ ಮಾತ್ರ ಇತ್ತು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಯಾವುದೇ ಸಿನಿಮಾ ನೋಡುವ ಮುಂಚೆ ಚಾನೆಲ್ ಹೆಸರು, ಅಪ್‌ಲೋಡ್ ಆದ ದಿನ, ಒಟ್ಟು ಅವಧಿ, ನಾನು ನೋಡಿದ ದಿನ ಬರೆದುಕೊಳ್ಳುತ್ತಿದ್ದೆ. ಶುರುವಿನ ಸೆನ್ಸಾರ್ ಸರ್ಟಿಫಿಕೇಟನ್ನು ಸುಮ್ನೆ ಓಡಿಸಿಬಿಡಬೇಡಿ. ಹಳೆಯ ಚಿತ್ರಗಳ ಸರ್ಟಿಫಿಕೇಟಿನಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ ಇರುತ್ತದೆ. 35 ಎಂಎಂ ರೀಲು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. 4,000 ಮೀಟರ್ ಅಂತ ಇದ್ದರೆ ಹತ್ತಿರ ಹತ್ತಿರ 146 ನಿಮಿಷ. ನಿಮ್ಮ ಮುಂದಿರುವ ವಿಡಿಯೋ 121 ನಿಮಿಷಕ್ಕೇ ಮುಗಿದರೆ ಯಾರೋ ಏನೋ ಕತ್ತರಿಸಿದ್ದಾರೆ ಅಂತಲೇ ಅರ್ಥ. ಎಷ್ಟೋ ಅಪ್‌ಲೋಡ್‌ಗಳಲ್ಲಿ ಆ ಸರ್ಟಿಫಿಕೇಟೇ ಇರುವುದಿಲ್ಲ, ಅದು ಬೇರೆ ಮಾತು.

ಉಲ್ಲೇಖ ಹೇಗೆ ಬರೆಯಬೇಕು ಅಂತ ಹೇಳುವ ಶೈಲಿ ಪುಸ್ತಕಗಳ ವಿಷಯಕ್ಕೆ ಬಂದರೆ, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಪದ್ಧತಿಯ 7ನೇ ಆವೃತ್ತಿಯಲ್ಲಿ ನಿರ್ದೇಶಕರ ಹೆಸರು, ವರ್ಷ, ಶೀರ್ಷಿಕೆ, ನಿರ್ಮಾಣ ಸಂಸ್ಥೆ ಇದ್ದರೆ ಸಾಕು. ಸಿನಿಮಾವನ್ನು ಎಲ್ಲಿ ನೋಡಿದಿರಿ ಅನ್ನುವುದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಎಂಎಲ್‌ಎ ಪದ್ಧತಿಯಲ್ಲಿ (ವಿಧಾನಸೌಧದವರಲ್ಲ, ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್!) ನೋಡಿದ ಜಾಲತಾಣವೂ ಬರುತ್ತದೆ, ದೃಶ್ಯ ಶುರುವಾದದ್ದು, ಮುಗಿದದ್ದು ಎರಡನ್ನೂ ಗಂಟೆ, ನಿಮಿಷ, ಸೆಕೆಂಡಿನಲ್ಲಿ ಕೊಡುತ್ತಾರೆ. ನಮ್ಮ ಸಿನಿಮಾಗಳ ಪಾಡು ನೋಡಿದರೆ ಎಂಎಲ್‌ಎಯೇ ವಾಸಿ. ಎಪಿಎ ಬಳಸಬೇಕಾದಾಗಲೂ ನಾನು ಅಡಿಟಿಪ್ಪಣಿಯಲ್ಲಿ ಕಾಪಿಯ ವಿವರ ಸೇರಿಸುತ್ತೇನೆ. ಇದುವರೆಗೆ ಯಾರೂ ಬೇಡ ಅಂದಿಲ್ಲ.

ವರ್ಷದ್ದು ಇನ್ನೊಂದು ಕಾಟ. ಈಗ ನಾನೇ ಪಾಠ ಮಾಡುತ್ತೇನೆ. ಒಬ್ಬ ಹುಡುಗ ಸೆಮಿನಾರ್ ಪೇಪರಿನಲ್ಲಿ 'ನಾಗರಹಾವು (2015)' ಅಂತ ಬರೆದಿದ್ದ. ಅದು ವಿಡಿಯೋ ಏರಿಸಿದ ವರ್ಷ. ಪುಟ್ಟಣ್ಣನವರ ಚಿತ್ರ ಬಂದದ್ದು 1972ರಲ್ಲಿ. ಅದೇ ಹೆಸರಿನಲ್ಲಿ 2002ರಲ್ಲಿ ಒಂದು, 2016ರಲ್ಲಿ ಇನ್ನೊಂದು ಬಂದಿವೆ. ವರ್ಷ ತಪ್ಪಿದರೆ ಯಾವ ಹಾವು ಅಂತ ಗೊತ್ತಾಗುವುದಾದರೂ ಹೇಗೆ? ಸರಿಯಾದ ವರ್ಷವೇ ಎರಡಿರುವುದೂ ಉಂಟು. 'ತಿಥಿ' ಮೊದಲು ತೋರಿಸಿದ್ದು 2015ರ ಲೊಕಾರ್ನೋ ಚಿತ್ರೋತ್ಸವದಲ್ಲಿ, ಇಲ್ಲಿ ಥಿಯೇಟರಿಗೆ ಬಂದದ್ದು 2016ರಲ್ಲಿ. ನಾನು ಮೊದಲ ಪ್ರದರ್ಶನದ ವರ್ಷ ಹಿಡಿದೆ, ಹಾಗೆ ಹಿಡಿದಿದ್ದೇನೆ ಅಂತ ಒಂದು ಸಾಲು ಬರೆದೆ.

ಹೆಸರಲ್ಲೂ ಪೇಚು. ಇಂಗ್ಲಿಷ್ ಉಲ್ಲೇಖ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರಬೇಕು. ಪುಟ್ಟಣ್ಣ ಕಣಗಾಲ್ ಅವರನ್ನು 'ಕಣಗಾಲ್, ಪುಟ್ಟಣ್ಣ' ಅಂತ ಬರೆದರೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಊರು ಮನೆತನವಾಗಿಬಿಡುತ್ತದೆ. ಕನ್ನಡ ಪ್ರಬಂಧದಲ್ಲಿ ನಾನು ತಿರುಗಿಸದೆ ಹಾಗೇ ಬಿಟ್ಟೆ. ಇಂಗ್ಲಿಷ್ ಲೇಖನದಲ್ಲಿ ಸಂಪಾದಕರ ಮಾತು ಕೇಳಿದೆ.

ಸಂದರ್ಶನ, ಉಪನ್ಯಾಸದ ವಿಡಿಯೋಗಳಿಗೆ ಎಪಿಎಯಲ್ಲಿ ಏರಿಸಿದ ಚಾನೆಲ್ಲೇ ಲೇಖಕ. ಮಾತಾಡಿದವರ ಹೆಸರನ್ನು ವಾಕ್ಯದೊಳಗೆ ತರಬೇಕು. ಪುಟ ಸಂಖ್ಯೆಯ ಜಾಗದಲ್ಲಿ ಸಮಯ.

ಲಿಂಕ್ ಸಾಯುತ್ತದೆ, ಇದನ್ನು ಬರೆದಿಟ್ಟುಕೊಳ್ಳಿ. ನಾನು ಮಾತು ಮಾತಿಗೂ ಉಲ್ಲೇಖಿಸಿದ್ದ ಒಂದು ಸಂದರ್ಶನ ಒಂದು ದಿನ 'ವಿಡಿಯೋ ಲಭ್ಯವಿಲ್ಲ' ಅಂದುಬಿಟ್ಟಿತು. ಆಮೇಲಿಂದ ಲಿಂಕ್ ಸಿಕ್ಕ ದಿನವೇ ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಆ ಪುಟ ಉಳಿಸುತ್ತೇನೆ. ವಿಡಿಯೋ ಉಳಿಯುತ್ತದೆ ಅಂತ ನಂಬಿ ಕೂರಬೇಡಿ. ಶೀರ್ಷಿಕೆ, ಚಾನೆಲ್, ದಿನಾಂಕ ಇದ್ದ ಪುಟ ಸಿಕ್ಕರೂ ಅದು ಇತ್ತು ಅನ್ನುವುದಕ್ಕೆ ಸಾಕ್ಷಿಯಾಯಿತು. ಮುಖ್ಯವಾದ ಮಾತುಗಳನ್ನಂತೂ ಸಮಯ ಸಮೇತ ಕೈಯಲ್ಲೇ ಬರೆದಿಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿ ಪ್ರಬಂಧವನ್ನು ವಿಜಯನಗರದ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಅಂಗಡಿಯ ಹುಡುಗ ಇಡೀ ಫೈಲ್ ಸೆಲೆಕ್ಟ್ ಮಾಡಿ, ಇಂಗ್ಲಿಷ್ ಅಕ್ಷರವನ್ನೂ ಕನ್ನಡವಾಗಿ ತೋರಿಸುವ ನುಡಿ ಫಾಂಟ್ ಹಾಕಿಬಿಟ್ಟ. ಕನ್ನಡವೆಲ್ಲ ಚೆನ್ನಾಗಿ ಬಂತು. ಇಂಗ್ಲಿಷಿನಲ್ಲಿದ್ದ ಲಿಂಕ್‌ಗಳೆಲ್ಲ ಒತ್ತಕ್ಷರ, ಕೊಂಬು, ದೀರ್ಘಗಳ ಕಲಸುಮೇಲೋಗರ. "ಮೇಡಂ, ಇದು ಸಂಸ್ಕೃತಾನಾ?" ಅಂತ ಅವನೇ ಕೇಳಿದ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದನ್ನೂ ಮತ್ತೆ ಅಂಟಿಸಿಸಿದೆ.

ಬೈಂಡಿಂಗಿಗೆ ಕೊಡುವ ಮುಂಚೆ, ಪ್ರಿಂಟ್ ನೋಡಿಕೊಂಡು ಪ್ರತಿ ಲಿಂಕನ್ನೂ ಫೋನಿನಲ್ಲಿ ಟೈಪ್ ಮಾಡಿದೆ. ಯೂಟ್ಯೂಬ್ ವಿಡಿಯೋದ ಗುರುತು 11 ಅಕ್ಷರ, ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾದರೆ ತೆರೆಯುವುದಿಲ್ಲ. 31ರಲ್ಲಿ ಮೂರು ತೆರೆಯಲಿಲ್ಲ. ಎರಡರಲ್ಲಿ ಸಣ್ಣ 'ಎಲ್' ಅನ್ನು ನಾನು ದೊಡ್ಡ 'ಐ' ಅಂತ ಓದಿದ್ದೆ. ಇನ್ನೊಂದನ್ನು ಆ ವಾರವೇ ಯಾರೋ ಅಳಿಸಿದ್ದರು.