ಟವರ್ ಲೈನನ್ನು ಸುಮ್ನೆ ಬೈದೆ

ನಮ್ಮ ತೋಟದ ಮೇಲೆ 66 ಕೆವಿ (66 ಸಾವಿರ ವೋಲ್ಟ್) ಟವರ್ ಲೈನ್ ಹಾದುಹೋಗಿದೆ. ಹಾಗಾಗಿ ನನ್ನ ಹ್ಯಾಮ್ ರೇಡಿಯೋದಲ್ಲಿ (ಹವ್ಯಾಸಕ್ಕೆ ದೂರದವರ ಜೊತೆ ಮಾತಾಡುವ ರೇಡಿಯೋ) 7 ಮೆಗಾಹರ್ಟ್ಸ್ ಹತ್ತಿರ ‘ಗರ್ರ್’ ಅನ್ನುವ ಸದ್ದು ಶುರುವಾದಾಗ ಮೊದಲು ಬೈದದ್ದು ಅದನ್ನೇ. ಸಿಗ್ನಲ್ಲಿನ ಜೋರು ತೋರಿಸುವ ಮೀಟರಿನ ಮುಳ್ಳು ಎಸ್‌9 ಅನ್ನುವ ಜೋರಿನ ಗುರುತು ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಪಕ್ಕದ ಜಿಲ್ಲೆಯವರ ಮಾತೂ ಅದರಡಿ ಮುಳುಗಿಹೋಗುತ್ತಿತ್ತು.

ಮನೆಯ ಮೇನ್ ಸ್ವಿಚ್ ಆಫ್ ಮಾಡಿ ರೇಡಿಯೋವನ್ನು ಬ್ಯಾಟರಿಗೆ ಹಾಕಿದೆ. ನಮ್ಮದೇ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಕೂಡ ಇಂಥ ಗಲಾಟೆ ಮಾಡುತ್ತವೆ ಅಲ್ವಾ? ಸದ್ದು ಒಂಚೂರೂ ಕದಲಲಿಲ್ಲ.

ಆಮೇಲೆ ದಿನಾ ಬರೆದಿಡತೊಡಗಿದೆ. ಒಣ ಬಿಸಿಲು, ಗಾಳಿ ಇದ್ದ ದಿನ ಜಾಸ್ತಿ. ಒಂದು ಒಳ್ಳೆ ಮಳೆ ಬಿದ್ದರೆ ಮಾಯ. ಟವರ್ ಲೈನ್ ಬಗ್ಗೆ ಅನುಮಾನ ಸಡಿಲವಾದದ್ದು ಇಲ್ಲೇ. ದೊಡ್ಡ ಲೈನಿನ ಕೊರೋನಾ (ರೋಗವಲ್ಲ, ತಂತಿಯಿಂದ ಗಾಳಿಗೆ ಕರೆಂಟ್ ಸೋರುವುದು) ಮಳೆಯಲ್ಲಿ ಹೆಚ್ಚಾಗುತ್ತದೆ. ನನ್ನದು ಉಲ್ಟಾ. ಎಲ್ಲೋ ಸಡಿಲವಾದ ಎರಡು ಲೋಹದ ತುಂಡುಗಳ ಸಂದಿನಲ್ಲಿ ಕಿಡಿ ಹಾರುತ್ತಿರಬೇಕು. ನೀರು ಬಿದ್ದರೆ ಕರೆಂಟಿಗೆ ಬೇರೆ ದಾರಿ ಸಿಕ್ಕಿ ಕಿಡಿ ನಿಲ್ಲುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಆ ಕಿಡಿ ಒಂದೊಂದು ಆವರ್ತಕ್ಕೆ ಎರಡರಂತೆ ಸೆಕೆಂಡಿಗೆ 100 ಸಲ ಮೊಳಗುತ್ತದೆ. ಗರ್ರ್ ಅನ್ನುವುದು ಅದೇ.

ಟ್ರಾನ್ಸಿಸ್ಟರ್ ಹಿಡಿದು ಕಂಬಗಳ ಕೆಳಗೆ ನಡೆದೆ. ಎರಡು ಸಂಜೆ ದಂಡ. ಮೀಡಿಯಂ ವೇವ್‌ನಲ್ಲಿ ಸದ್ದು ತಂತಿ ಹಿಡಿದು ಬಹಳ ದೂರ ಹರಿಯುತ್ತದೆ, ಎಲ್ಲ ಕಂಬವೂ ಒಂದೇ ಥರ ಅರಚುತ್ತದೆ. ಫ್ರೀಕ್ವೆನ್ಸಿ ಏರಿಸಿದಷ್ಟೂ ಮೂಲದ ಹತ್ತಿರ ಮಾತ್ರ ಕೇಳಿಸುತ್ತದೆ. ಗೆಳೆಯರೊಬ್ಬರಿಂದ 144 ಮೆಗಾಹರ್ಟ್ಸ್ ಕೇಳುವ ರಿಸೀವರ್ ತಂದೆ. ಎಎಂ ಮೋಡ್‌ನಲ್ಲೇ ಇಡಬೇಕು, ಎಫ್‌ಎಂ ಈ ಸದ್ದನ್ನು ನುಂಗಿಬಿಡುತ್ತದೆ. ಪಿವಿಸಿ ಪೈಪಿಗೆ ಅಲ್ಯೂಮಿನಿಯಂ ಕಡ್ಡಿ ಕಟ್ಟಿ ಮೂರು ಕಡ್ಡಿಯ ಯಾಗಿ ಆಂಟೆನಾ (ತಿರುಗಿಸಿದ ದಿಕ್ಕಿನ ಸದ್ದನ್ನೇ ಜೋರಾಗಿ ಹಿಡಿಯುವಂಥದ್ದು) ಮಾಡಿದೆ.

ಅದು ತೋರಿಸಿದ್ದು ಟವರನ್ನಲ್ಲ, ಹುಣಸೆಮರದ ಪಕ್ಕದ 11 ಕೆವಿ ಕಂಬವನ್ನು! ಕಂಬ ಅಲುಗಾಡಿಸಿ ನೋಡೋಣ ಅನ್ನಿಸಿತು ನಿಜ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಕಂಬದ ನಂಬರ್ ಬರೆದು ಕರೆಂಟ್ ಆಫೀಸಿಗೆ ದೂರು ಕೊಟ್ಟೆ. ‘ಕರೆಂಟ್ ಬರ್ತಾ ಇದೆಯಲ್ಲ ಸಾರ್, ಇನ್ನೇನು?’ ಅಂದರು. ಮೂರನೇ ಸಲ ರಿಸೀವರ್ ಒಯ್ದು ಲೈನ್‌ಮ್ಯಾನ್‌ಗೆ ಕೇಳಿಸಿದೆ. ಮರುದಿನ ಲೈನ್ ಆಫ್ ಮಾಡಿಸಿ ಹತ್ತಿದರು. ಪಿನ್ ಇನ್ಸುಲೇಟರಿಗೆ (ಕಂಬಕ್ಕೆ ಕರೆಂಟ್ ತಾಗದಂತೆ ತಂತಿ ಕೂರಿಸುವ ಬುಡ್ಡೆ) ತಂತಿ ಬಿಗಿದ ಕಟ್ಟು ಸಡಿಲವಾಗಿತ್ತು.

ಈಗ ಮುಳ್ಳು ಎಸ್‌3ರಲ್ಲಿ ನಿಂತಿದೆ. ಜಡಿಮಳೆಯಲ್ಲಿ ಮಾತ್ರ ಟವರ್ ಲೈನ್ ಸಣ್ಣಗೆ ‘ಸ್ಸ್’ ಅನ್ನುತ್ತದೆ. ಅದಕ್ಕೆಂದೇ ಒಂದು ಮೀಟರ್ ಅಗಲದ ಲೂಪ್ ಆಂಟೆನಾ ಇಟ್ಟುಕೊಂಡಿದ್ದೇನೆ. ಸದ್ದು ಕುಗ್ಗುವ ತನಕ ತಿರುಗಿಸುತ್ತಾ ಕೂರುತ್ತೇನೆ.