ಸದ್ದಿಲ್ಲದ, ಕಡಿಮೆ ವಿದ್ಯುತ್ತಿನ ಪುಟ್ಟ ಗೇಮಿಂಗ್ ಕಂಪ್ಯೂಟರ್ ಜೋಡಿಸುವ ಬಗೆ

ಹಗುರವಾದ ಆಟಗಳಿಗೆಂದು ಪುಟ್ಟ ಕಂಪ್ಯೂಟರ್ ಜೋಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಸದ್ದು ಮಾಡದ ಫ್ಯಾನ್ ಯಾವುದು ಎಂದು. ವಿಚಾರಣೆ ಅಲ್ಲಿಂದ ಶುರುವಾಗಬಾರದು. ಫ್ಯಾನ್ ಜೋರಾಗಿ ತಿರುಗುವುದು ಶಾಖವನ್ನು ಹೊರಹಾಕಲು, ಶಾಖ ಹುಟ್ಟುವುದು ಪ್ರೊಸೆಸರ್ ಚಿಪ್ ಸೆಳೆಯುವ ವಿದ್ಯುತ್ತಿನಿಂದ. ಆದ್ದರಿಂದ ಚಿಪ್ ಎಷ್ಟು ವ್ಯಾಟ್ ಸೆಳೆಯಬಹುದು ಎಂಬುದಕ್ಕೆ ಮೊದಲೇ ಮಿತಿ ಗೊತ್ತುಮಾಡಿಕೊಂಡು, ಉಳಿದ ಭಾಗಗಳನ್ನು ಆ ಮಿತಿಗೆ ತಕ್ಕಂತೆ ಆರಿಸಿದರೆ, ದುಬಾರಿ ಕೂಲರ್ ಇಲ್ಲದೆಯೂ ಸದ್ದು ತಾನಾಗಿ ಅಡಗುತ್ತದೆ. ಇಲ್ಲಿ ವಿವರಿಸುವ ಯಂತ್ರದಲ್ಲಿ ಆ ಮಿತಿ 45 ವ್ಯಾಟ್.

ಹಗುರವಾದ ಆಟ ಎಂದರೆ ಸ್ಟಾರ್‌ಡ್ಯೂ ವ್ಯಾಲಿ, ರಾಕೆಟ್ ಲೀಗ್, ಡೋಟಾ 2, ವ್ಯಾಲೊರಂಟ್‌ನಂಥವು, ಜೊತೆಗೆ ಕೆಲವು ವರ್ಷ ಹಳೆಯ ದೊಡ್ಡ ಆಟಗಳು. ಪರದೆ 1080ಪಿ, ಗ್ರಾಫಿಕ್ಸ್ ಕೆಳ ಅಥವಾ ಮಧ್ಯಮ ಮಟ್ಟದ್ದು. ಈ ವರ್ಷ ಬಿಡುಗಡೆಯಾದ ಭಾರೀ ಆಟವನ್ನು ಗರಿಷ್ಠ ಮಟ್ಟದಲ್ಲಿ ಆಡುವ ಆಸೆಯಿರುವವರಿಗೆ ಈ ಯಂತ್ರ ಹೇಳಿಸಿದ್ದಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೆಂದ ಮೇಲೆ ಪ್ರೊಸೆಸರಿನೊಳಗೇ ಒಳ್ಳೆಯ ಗ್ರಾಫಿಕ್ಸ್ ಇರಬೇಕಾಗುತ್ತದೆ. ಎಎಂಡಿ ಕಂಪನಿ 2024ರ ಜನವರಿಯಲ್ಲಿ ಪ್ರಕಟಿಸಿದ ರೈಜೆನ್ 5 8600ಜಿ ಇದಕ್ಕೆ ಸರಿಯಾಗಿ ಹೊಂದುತ್ತದೆ: 6 ಕೋರ್‌ಗಳು, 8 ಕಂಪ್ಯೂಟ್ ಯೂನಿಟ್‌ಗಳ (ಚಿತ್ರ ಮೂಡಿಸುವ ಘಟಕಗಳ) ರೇಡಿಯಾನ್ 760ಎಂ ಗ್ರಾಫಿಕ್ಸ್. ಅದರ ಅಣ್ಣನಾದ 8700ಜಿಯಲ್ಲಿ 12 ಕಂಪ್ಯೂಟ್ ಯೂನಿಟ್‌ಗಳಿವೆಯಾದರೂ ಆಟದಲ್ಲಿ ಸಿಗುವ ಲಾಭ ಒಂದೂವರೆ ಪಟ್ಟು ಇರುವುದಿಲ್ಲ, ಏಕೆಂದರೆ ಎರಡಕ್ಕೂ ಮೆಮೊರಿಯಿಂದ ದತ್ತಾಂಶ ಹರಿದುಬರುವ ದಾರಿ ಒಂದೇ ಅಗಲದ್ದು. ನನ್ನ ಮಟ್ಟಿಗೆ ಆ ಹೆಚ್ಚಿನ ಹಣವನ್ನು ಮೆಮೊರಿಗೆ ಹಾಕುವುದು ಲೇಸು. ಇನ್ನು 8500ಜಿಯಲ್ಲಿ ಬರೀ 4 ಕಂಪ್ಯೂಟ್ ಯೂನಿಟ್‌ಗಳಿರುವುದರಿಂದ ಅಲ್ಲಿ ಉಳಿಸುವ ಹಣ ಆಟದಲ್ಲಿ ಕೈಕೊಡುತ್ತದೆ.

ಮೆಮೊರಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಗಳಲ್ಲಿ ಅತಿ ಹೆಚ್ಚು ರಾಜಿಯಾಗುವುದು ಇಲ್ಲೇ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದು ಕಂಪ್ಯೂಟರಿನ ಮೆಮೊರಿಯನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್5 5600 ವೇಗದ ಒಂದೇ ಸ್ಟಿಕ್ ಹಾಕಿದರೆ ಗರಿಷ್ಠವೆಂದರೆ ಸೆಕೆಂಡಿಗೆ 44.8 ಗಿಗಾಬೈಟ್ ಹರಿಯುತ್ತದೆ, ಅದೇ ವೇಗದ ಎರಡು ಸ್ಟಿಕ್ ಹಾಕಿದರೆ 89.6 ಗಿಗಾಬೈಟ್. 2025ರ ಕೊನೆಯ ಭಾಗದಲ್ಲಿ ಮೆಮೊರಿ ಬೆಲೆ ಏರಿದ ಮೇಲೆ, ‘ಸದ್ಯಕ್ಕೆ 16ರದ್ದು ಒಂದು ಹಾಕ್ಕೊಳ್ಳಿ ಸಾರ್, ಇನ್ನೊಂದು ಆಮೇಲೆ ಹಾಕಿದ್ರಾಯ್ತು’ ಎಂಬ ಸಲಹೆಗೆ ಒಪ್ಪುವುದು ಸುಲಭ. ಒಪ್ಪಬಾರದು. 16 ಗಿಗಾಬೈಟಿನ ಒಂದಕ್ಕಿಂತ 8ರ ಎರಡು ಸ್ಟಿಕ್‌ಗಳು ಆಟಕ್ಕೆ ಎಷ್ಟೋ ಮೇಲು. ಕೈಲಾದರೆ 16ರ ಎರಡು. ಗ್ರಾಫಿಕ್ಸ್ ತನ್ನ ಪಾಲನ್ನು ತೆಗೆದುಕೊಂಡ ಮೇಲೆ ಉಳಿದದ್ದರಲ್ಲಿ ಆಟ, ವಿಂಡೋಸ್, ಬ್ರೌಸರ್ ಎಲ್ಲವೂ ಸಂಸಾರ ಮಾಡಬೇಕಲ್ಲ!

ಪೆಟ್ಟಿಗೆಗೆ ಎರಡು ದಾರಿಗಳಿವೆ. 170 ಮಿಲಿಮೀಟರ್ ಚೌಕದ ಮಿನಿ ಐಟಿಎಕ್ಸ್ ಮದರ್‌ಬೋರ್ಡ್, ಅದಕ್ಕೊಂದು ಪುಟ್ಟ ಕ್ಯಾಬಿನೆಟ್ ಮತ್ತು ಪವರ್ ಸಪ್ಲೈ ಬೇರೆ ಬೇರೆಯಾಗಿ ತರುವುದು ಒಂದು. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆಯಿದ್ದರೆ ಅದೇ ಸರಿ. ಅಂಥ ಯೋಚನೆಯಿಲ್ಲದವರಿಗೆ ಆಸ್‌ರಾಕ್ ಡೆಸ್ಕ್‌ಮಿನಿ ಎಕ್ಸ್600ನಂಥ ಬೇರ್‌ಬೋನ್, ಅಂದರೆ ಅರ್ಧ ಜೋಡಿಸಿದ, ಪೆಟ್ಟಿಗೆ ಮೇಲು. ಸುಮಾರು 1.9 ಲೀಟರ್ ಗಾತ್ರದ ಈ ಪೆಟ್ಟಿಗೆಯ ಜೊತೆಗೇ ಬೋರ್ಡ್ ಮತ್ತು ಲ್ಯಾಪ್‌ಟಾಪ್ ಮಾದರಿಯ 120 ವ್ಯಾಟ್ ಅಡಾಪ್ಟರ್ ಬರುತ್ತದೆ, ಪವರ್ ಸಪ್ಲೈನ ಫ್ಯಾನ್ ಎಂಬ ಸದ್ದಿನ ಮೂಲವೊಂದು ಹಾಗೆಯೇ ಇಲ್ಲವಾಗುತ್ತದೆ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಇದಕ್ಕೆ ಲ್ಯಾಪ್‌ಟಾಪ್ ಅಳತೆಯ ಮೆಮೊರಿಯೇ ಬೇಕು. ಅಲ್ಲದೆ ಒಳಗೆ ಕೂಲರಿಗಿರುವ ಎತ್ತರ 47 ಮಿಲಿಮೀಟರ್ ಮಾತ್ರ. ಪ್ರೊಸೆಸರ್ ಜೊತೆ ಪುಕ್ಕಟೆ ಬರುವ ರೇತ್ ಸ್ಟೆಲ್ತ್ ಕೂಲರ್ 54 ಮಿಲಿಮೀಟರ್ ಇರುವುದರಿಂದ ಮುಚ್ಚಳ ಕೂರುವುದಿಲ್ಲ. 37 ಮಿಲಿಮೀಟರ್ ಎತ್ತರದ ನಾಕ್ಟುವಾ ಎನ್ಎಚ್-ಎಲ್9ಎ-ಎಎಂ5 ಇಲ್ಲಿ ಹಿಡಿಸುತ್ತದೆ, 45 ವ್ಯಾಟಿನ ಮಿತಿಗೆ ಅದು ಧಾರಾಳವಾಗಿ ಸಾಕು. ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ: ಈ ಪ್ರೊಸೆಸರಿನ ಸಾಮರ್ಥ್ಯ ಡ್ರೈವ್ ಜೋಡಿಸುವ ಪಿಸಿಐಇ ದಾರಿಯ 4ನೇ ಪೀಳಿಗೆಯವರೆಗೆ ಮಾತ್ರವಾದ್ದರಿಂದ 5ನೇ ಪೀಳಿಗೆಯ ಬಿಸಿ ಡ್ರೈವ್‌ಗೆ ಹಣ ಸುರಿಯುವುದು ದಂಡ.

ಭಾಗಗಳನ್ನು ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ ಹೋಗುವವರು ಗಾಡಿಯನ್ನು ಮನೆಯಲ್ಲೇ ಬಿಟ್ಟು ಮೆಟ್ರೊ ಹಿಡಿಯುವುದು ಜಾಣತನ. ಮಾಮೂಲಿ ಭಾಗಗಳು ಅಲ್ಲಿ ಕೈಗೆ ಸಿಗುತ್ತವೆ; ಬೇರ್‌ಬೋನ್ ಪೆಟ್ಟಿಗೆ ಮತ್ತು ಕಡಿಮೆ ಎತ್ತರದ ಕೂಲರ್ ಅಂಗಡಿಯಲ್ಲಿ ಇದೆಯೇ ಎಂದು ಫೋನಿನಲ್ಲೇ ಕೇಳಿ ಖಚಿತಪಡಿಸಿಕೊಂಡು ಹೊರಡಬೇಕು. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು, ಏಕೆಂದರೆ ವಾರಂಟಿ ಕೇಳುವ ದಿನ ಬಂದಾಗ ಬೇಕಾಗುವುದು ಆ ಕಾಗದವೇ.

ಜೋಡಣೆ ಒಂದು ಸಂಜೆಯ ಕೆಲಸ. ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನಲ್ಲಿ ಪಿನ್‌ಗಳು ಪ್ರೊಸೆಸರಿನಲ್ಲಿರದೆ ಬೋರ್ಡಿನಲ್ಲಿರುತ್ತವೆ, ಅವುಗಳಿಗೆ ಬೆರಳು ತಾಗಬಾರದು. ಪ್ರೊಸೆಸರ್ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಒತ್ತದೆ, ಸುಮ್ಮನೆ ಇಳಿಸಿದರೆ ಸಾಕು. ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಹಾಕಿ, ಕೂಲರಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಬೇಕು. ಎಲ್ಲ ಮುಗಿಸಿ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಆಗ ಗಾಬರಿಯಿಂದ ಪವರ್ ಬಟನ್ ಒತ್ತಬಾರದು. ಡಿಡಿಆರ್5 ಮೆಮೊರಿಯನ್ನು ಬೋರ್ಡ್ ಮೊದಲ ಬಾರಿ ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷಗಳೇ ಹಿಡಿಯುತ್ತವೆ. ಕಾಲು ಗಂಟೆಯಾದರೂ ಏನೂ ಬಾರದಿದ್ದರೆ ಮಾತ್ರ ಸ್ಟಿಕ್‌ಗಳನ್ನು ತೆಗೆದು ಮತ್ತೆ ಕೂರಿಸಿ ನೋಡಬೇಕು.

ಮುಖ್ಯ ಕೆಲಸ ಇರುವುದು ಬಯಾಸ್‌ನಲ್ಲಿ, ಅಂದರೆ ಆನ್ ಮಾಡುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ. 65 ವ್ಯಾಟ್ ಎಂದು ಬರೆದಿರುವ ಈ ಪ್ರೊಸೆಸರ್ ಬಿಟ್ಟರೆ 88 ವ್ಯಾಟ್‌ವರೆಗೂ ಸೆಳೆಯುತ್ತದೆ, 120 ವ್ಯಾಟಿನ ಅಡಾಪ್ಟರ್ ಮೇಲೆ ಅದು ಅನಗತ್ಯ ಹೊರೆ. ಸಿಟಿಡಿಪಿ, ಪಿಪಿಟಿ ಅಥವಾ ಇಕೊ ಮೋಡ್ ಎಂಬ ಹೆಸರಿನಲ್ಲಿರುವ ವಿದ್ಯುತ್ ಮಿತಿಯ ಆಯ್ಕೆಯನ್ನು 45ಕ್ಕೆ ಇಳಿಸಬೇಕು. ಕೊನೆಯ ಕೆಲವು ಮೆಗಾಹರ್ಟ್ಸ್‌ಗಾಗಿ ಚಿಪ್ ವಿಪರೀತ ವಿದ್ಯುತ್ ಸೆಳೆಯುವುದರಿಂದ, ಈ ಇಳಿಕೆಯಲ್ಲಿ ಆಟದ ವೇಗ ಕಳೆದುಕೊಳ್ಳುವುದಕ್ಕಿಂತ ಬಿಸಿ ಕಳೆದುಕೊಳ್ಳುವುದೇ ಹೆಚ್ಚು. ಆಟದೊಳಗೆ ಫ್ರೇಮ್ ಮಿತಿಯನ್ನು 60ಕ್ಕೆ ನಿಲ್ಲಿಸುವುದನ್ನೂ ಮರೆಯಬಾರದು. 60 ಹರ್ಟ್ಸ್ ಪರದೆಯಲ್ಲಿ ಅದಕ್ಕಿಂತ ಹೆಚ್ಚಿನದು ಕಣ್ಣಿಗೆ ಹೆಚ್ಚೇನೂ ಕೊಡದೆ ಫ್ಯಾನನ್ನು ಮಾತ್ರ ಓಡಿಸುತ್ತದೆ.

ಫ್ಯಾನ್ ವೇಗದ ರೇಖೆಯನ್ನು ಹೊಂದಿಸುವಾಗ ಒಂದು ತತ್ವ ಸಾಕು: ಕಿವಿಗೆ ಕಿರಿಕಿರಿಯಾಗುವುದು ಒಂದೇ ಸಮನಾದ ಸದ್ದಿಗಿಂತ ಏರಿಳಿಯುವ ಸದ್ದು. 60 ಡಿಗ್ರಿವರೆಗೆ 30 ಶೇಕಡಾದಲ್ಲಿ ಸಮತಟ್ಟಾಗಿಟ್ಟು, 75ಕ್ಕೆ 50, 85ಕ್ಕೆ 75 ಶೇಕಡಾ ಎಂದು ನಿಧಾನವಾಗಿ ಏರಿಸಿ, ಬದಲಾವಣೆಗೆ ಕೆಲವು ಸೆಕೆಂಡುಗಳ ವಿಳಂಬ ಕೊಟ್ಟರೆ ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಬೆಚ್ಚಿಬೀಳುವುದಿಲ್ಲ. ಚಿಪ್‌ನ ಗರಿಷ್ಠ ಮಿತಿ 95 ಡಿಗ್ರಿಯಾದ್ದರಿಂದ ಆಟದ ನಡುವೆ 80 ಕಂಡರೆ ಹೆದರಬೇಕಿಲ್ಲ. ಡಿಸೆಂಬರಿನ ಚಳಿಯಲ್ಲಿ ಹೊಂದಿಸಿದ ರೇಖೆಯನ್ನು ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡಬೇಕು. ಕೋಣೆ 12 ಡಿಗ್ರಿ ಹೆಚ್ಚು ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯೂ ಕರಾವಳಿಯದಕ್ಕಿಂತ ಕೊಂಚ ತೆಳು, ಆದರೆ ಈ ಮಟ್ಟದ ಯಂತ್ರಕ್ಕೆ ಅದು ಲೆಕ್ಕಕ್ಕೆ ಬರುವಷ್ಟು ದೊಡ್ಡ ವಿಷಯವಲ್ಲ.

ಇಷ್ಟಾದ ಮೇಲೆ ಆಟದ ಹೊತ್ತಿನಲ್ಲಿ ಪೆಟ್ಟಿಗೆ ಗೋಡೆಯ ಪ್ಲಗ್ಗಿನಿಂದ ಸೆಳೆಯುವುದು ಸುಮಾರು 60ರಿಂದ 70 ವ್ಯಾಟ್. ಅಳೆಯಲು ಪ್ಲಗ್ ಮೀಟರ್ ಇಲ್ಲದಿದ್ದರೆ ಮನೆಯ ಬೆಸ್ಕಾಂ ಮೀಟರ್ ಸಾಕು. ಒಂದು ಯೂನಿಟ್‌ಗೆ ಅದರ ಕೆಂಪು ದೀಪ ಎಷ್ಟು ಬಾರಿ ಮಿಣುಕುತ್ತದೆ ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಆಗಿದ್ದು, ಫ್ರಿಜ್ ಸಹಿತ ಉಳಿದೆಲ್ಲವನ್ನೂ ಆಫ್ ಮಾಡಿದಾಗ 10 ನಿಮಿಷದಲ್ಲಿ 48 ಸಲ ಮಿಣುಕಿದರೆ, ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 90 ವ್ಯಾಟ್ ಎಂದರ್ಥ. ದಿನಕ್ಕೆ 3 ಗಂಟೆ ಆಡಿದರೂ 65 ವ್ಯಾಟಿನ ಯಂತ್ರ ತಿಂಗಳಿಗೆ 6 ಯೂನಿಟ್ ದಾಟುವುದಿಲ್ಲ, 350 ವ್ಯಾಟ್ ಸೆಳೆಯುವ ದೊಡ್ಡ ಟವರ್ 31 ದಾಟುತ್ತದೆ. ಗೃಹಜ್ಯೋತಿಯ ಉಚಿತ ಯೂನಿಟ್‌ಗಳ ಅಂಚಿನಲ್ಲಿರುವ ಮನೆಗಳಿಗೆ ಈ ವ್ಯತ್ಯಾಸ ಬಿಲ್ಲಿನಲ್ಲೇ ಕಾಣುತ್ತದೆ. ಮಳೆಗಾಲದ ಸಂಜೆ ಕರೆಂಟ್ ಹೋದಾಗಲೂ ಸಾಧಾರಣ 600 ವಿಎ ಯುಪಿಎಸ್ ಇಷ್ಟು ಸಣ್ಣ ಹೊರೆಯನ್ನು ಆಟ ಉಳಿಸಿ ಮುಚ್ಚುವಷ್ಟು ಹೊತ್ತು ನಿರಾಯಾಸವಾಗಿ ಹೊರುತ್ತದೆ.

ಆಪರೇಟಿಂಗ್ ಸಿಸ್ಟಮ್ ಆರಿಸುವ ಮೊದಲು ಮನೆಯಲ್ಲಿ ಯಾವ ಆಟ ಆಡುತ್ತಾರೆಂದು ಕೇಳಿಕೊಳ್ಳಬೇಕು. ಸ್ಟೀಮ್‌ನ ಬಹುಪಾಲು ಆಟಗಳು ವಿಂಡೋಸ್ ಆಟಗಳನ್ನು ಓಡಿಸಬಲ್ಲ ಪ್ರೋಟಾನ್ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತವೆ, ಎಎಂಡಿ ಗ್ರಾಫಿಕ್ಸ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ. ವ್ಯಾಲೊರಂಟ್ ಮಾತ್ರ ಆಟದಲ್ಲಿ ಮೋಸ ತಡೆಯುವ ತನ್ನ ವ್ಯಾನ್‌ಗಾರ್ಡ್ ಕಾವಲಿನಿಂದಾಗಿ ಲಿನಕ್ಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ 11ರಲ್ಲೂ ಅದಕ್ಕೆ ಬಯಾಸ್‌ನ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆಗಳೆರಡೂ ಆನ್ ಆಗಿರಬೇಕು.

ಇನ್ನುಳಿದದ್ದು ಧೂಳು. ಪಕ್ಕದಲ್ಲಿ ಕಟ್ಟಡ ಏಳುತ್ತಿರುವ ಬೀದಿಯಾದರೆ ಎರಡು ತಿಂಗಳಿಗೊಮ್ಮೆ, ಇಲ್ಲದಿದ್ದರೆ ನಾಲ್ಕು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಹೀಟ್‌ಸಿಂಕ್‌ನ ಎಸಳುಗಳ ನಡುವೆ ಬ್ಲೋವರ್ ಹಾಯಿಸಬೇಕು, ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು; ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ, ಆಮೇಲೆ ಬರುವ ಕಿರ್ ಸದ್ದಿಗೆ ಹೊಸ ಫ್ಯಾನ್ ಬಿಟ್ಟರೆ ಬೇರೆ ಮದ್ದಿಲ್ಲ.