ನಿಮ್ಮ ಸಿಸಿ ಕ್ಯಾಮೆರಾ ದಾರಿ ತಪ್ಪಿದರೆ ಹಿಡಿಯುವುದು ಹೇಗೆ?

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಸರಿಯಾಗಿ ತೆರೆಯಲಿಲ್ಲ. ವೆಬ್‌ಸೈಟ್ ಹೆಸರನ್ನು ಅದರ ಐಪಿ ವಿಳಾಸಕ್ಕೆ ಜೋಡಿಸಿಕೊಡುವ (ಡಿಎನ್‌ಎಸ್) ಡೈನ್ ಎಂಬ ಕಂಪನಿಯ ಮೇಲೆ, ಒಮ್ಮೆಲೇ ಕೋರಿಕೆಗಳ ಸುರಿಮಳೆ ಸುರಿಸಿ ದಾಳಿಯಾಗಿತ್ತು. ಅದಕ್ಕೆ ಬಳಕೆಯಾದದ್ದು ಜನರ ಮನೆ, ಅಂಗಡಿಗಳಲ್ಲಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳು. ಮಿರಾಯ್ ಎಂಬ ಮಾಲ್‌ವೇರ್ (ಕುತಂತ್ರಾಂಶ), ಅಡ್ಮಿನ್-ಅಡ್ಮಿನ್ ಥರದ 60ಕ್ಕೂ ಹೆಚ್ಚು ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿ ಒಳನುಗ್ಗುತ್ತಿತ್ತು. ಕ್ಯಾಮೆರಾ ಮಾತ್ರ ಎಂದಿನಂತೆ ಚಿತ್ರ ತೋರಿಸುತ್ತಲೇ ಇರುತ್ತದೆ. ಮಾಲೀಕರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಮಷಿನ್ ಲರ್ನಿಂಗ್ ಕೈ ಹಿಡಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಾವು ಯಾವಾಗ ಏನು ಮಾಡುತ್ತೇವೋ ಹೇಳಲಾಗದು. ಕ್ಯಾಮೆರಾ ಹಾಗಲ್ಲ. ತನ್ನ ಕ್ಲೌಡ್ ಸರ್ವರ್, ಸಮಯ ಕೇಳಲು ಇನ್ನೊಂದು ಸರ್ವರ್, ಹೆಚ್ಚುಕಡಿಮೆ ಅಷ್ಟೇ ಅದರ ಲೋಕ. ಈ ಸಹಜ ಲಯವನ್ನು ಕಲಿತ ಪ್ರೋಗ್ರಾಂ (ಮಾಡೆಲ್) ಲಯ ತಪ್ಪಿದರೆ ಗುರುತಿಸಬಲ್ಲದು. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ನೀವೇ ಮಾಡಿ ನೋಡಬಹುದು.

ಹಂತ 1: ಮೊದಲು ಕ್ಯಾಮೆರಾವನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಇದನ್ನು ಬಿಟ್ಟರೆ ಕೆಲಸವೇ ಕೆಟ್ಟಿತು. ಆಗಲೇ ಮಾಲ್‌ವೇರ್ ಕೂತಿದ್ದರೆ, ಮಾಡೆಲ್ ಅದನ್ನೇ ಸಹಜ ಅಂತ ಕಲಿತುಬಿಡುತ್ತದೆ.

ಹಂತ 2: ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದನ್ನು ವೈಫೈ ಹಾಟ್‌ಸ್ಪಾಟ್ ಮಾಡಿ, ಕ್ಯಾಮೆರಾವನ್ನು ಅದಕ್ಕೆ ಜೋಡಿಸಿ. ಅದರಲ್ಲಿ ಝೀಕ್ ಎಂಬ ಉಚಿತ ತಂತ್ರಾಂಶ ಓಡಲಿ. ಯಾರು ಯಾರಿಗೆ, ಯಾವ ಪೋರ್ಟ್‌ಗೆ (ಸಾಧನದೊಳಗಿನ ಸಂಖ್ಯೆ ಹಾಕಿದ ಬಾಗಿಲು), ಎಷ್ಟು ಬೈಟ್ ಕಳಿಸಿದರು ಎಂಬುದನ್ನು ಅದು ಸಾಲುಸಾಲಾಗಿ ಬರೆದಿಡುತ್ತದೆ. ವಿಡಿಯೊದ ಒಳಗೆ ಇಣುಕುವ ಅಗತ್ಯವೇ ಇಲ್ಲ.

ಹೀಗೆ ಬರೆದಿಟ್ಟ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಸಂಪರ್ಕದ ಸ್ಥಿತಿ ಹೇಳುವ ಕಾಲಂ ಒಂದಿದೆ. ಅಲ್ಲಿ ‘ಎಸ್0’ ಅಂತಿದ್ದರೆ ಬಾಗಿಲು ತಟ್ಟಿದರೂ ಉತ್ತರ ಬರಲಿಲ್ಲ ಎಂದರ್ಥ. ಮಿರಾಯ್ ಹೊಕ್ಕ ಕ್ಯಾಮೆರಾ ಹೊಸ ಬಲಿ ಹುಡುಕುತ್ತಾ ಸಿಕ್ಕಸಿಕ್ಕ ವಿಳಾಸಗಳ 23 ಮತ್ತು 2323ನೇ ಪೋರ್ಟ್ ತಟ್ಟುತ್ತದೆ. ಆಗ ಲಾಗ್ ತುಂಬಾ ಬರೀ ಎಸ್0.

ಹಂತ 3: ಒಂದು ವಾರದ ಲಾಗ್ ಸಾಕು. ಅದನ್ನು ಒಂದೊಂದು ನಿಮಿಷದ ತುಂಡು ಮಾಡಿ. ಪ್ರತಿ ನಿಮಿಷಕ್ಕೆ ಎಷ್ಟು ಬೇರೆಬೇರೆ ವಿಳಾಸ, ಎಷ್ಟು ಪೋರ್ಟ್, ಹೋದ ಬೈಟ್, ಬಂದ ಬೈಟ್, ಎಸ್0 ಎಷ್ಟು ಎಂದು ಎಣಿಸಿ. ಐಪಿ ವಿಳಾಸವನ್ನೇ ಮಾಡೆಲ್‌ಗೆ ಕೊಡಬೇಡಿ. ಅದು ನಡವಳಿಕೆ ಬಿಟ್ಟು ವಿಳಾಸ ಬಾಯಿಪಾಠ ಮಾಡುತ್ತದೆ.

ಹಂತ 4: ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿರುವ ಐಸೊಲೇಶನ್ ಫಾರೆಸ್ಟ್ ಎಂಬ ಮಾಡೆಲ್‌ಗೆ ಈ ಸಾಲುಗಳನ್ನು ಕೊಡಿ. ಅದು ಯಾವುದೋ ಕಾಲಂ ತೆಗೆದುಕೊಂಡು, ಯಾವುದೋ ಅಂಕಿಯಲ್ಲಿ ಕತ್ತರಿಸುತ್ತಾ ಹೋಗುತ್ತದೆ. ವಿಚಿತ್ರವಾದ ಸಾಲು ಕೆಲವೇ ಕತ್ತರಿಗೆ ಒಂಟಿಯಾಗುತ್ತದೆ. ಅದಕ್ಕೆ -1 ಎಂಬ ಗುರುತು ಬೀಳುತ್ತದೆ. ಒಂದೊಂದು ಸಾಧನಕ್ಕೂ ಬೇರೆ ಮಾಡೆಲ್ ಇರಲಿ. ಬಲ್ಬಿನ ಲಯವೇ ಬೇರೆ, ಕ್ಯಾಮೆರಾದ್ದೇ ಬೇರೆ.

ಹಂತ 5: ಪರೀಕ್ಷೆಗೆ ಸೋಂಕು ತಗುಲಿಸಿಕೊಳ್ಳಬೇಕಿಲ್ಲ! ಪ್ರಾಗ್‌ನ ಸ್ಟ್ರಾಟೋಸ್ಫಿಯರ್ ಲ್ಯಾಬ್ 2020ರಲ್ಲಿ ಬಿಡುಗಡೆ ಮಾಡಿದ ಐಒಟಿ-23 ಎಂಬ ನೆಟ್‌ವರ್ಕ್ ದಾಖಲೆಗಳ ಸಂಗ್ರಹ ಉಚಿತವಾಗಿ ಸಿಗುತ್ತದೆ. 20 ದಾಖಲೆಗಳು ಮಾಲ್‌ವೇರಿನವು, 3 ಸಹಜ ಸಾಧನಗಳವು. ಝೀಕ್ ಲಾಗ್‌ಗಳೇ ಇರುವುದರಿಂದ ನೇರವಾಗಿ ಓದಿಸಬಹುದು.

ನಿಜವಾದ ತಲೆನೋವು ಇನ್ನು ಶುರು. ಮಾಡೆಲ್ ಶೇ 99ರಷ್ಟು ಸರಿ ಅಂದರೆ ಖುಷಿಯಾಗುತ್ತೆ, ಅಲ್ವಾ? ಲೆಕ್ಕ ಹಾಕಿ. ದಿನಕ್ಕೆ 1,440 ನಿಮಿಷ. ಸಹಜ ನಿಮಿಷಗಳಲ್ಲಿ ಶೇ 1ರಷ್ಟಕ್ಕೆ ಸುಮ್ನೆ ಕೂಗಿದರೂ ಒಂದು ಸಾಧನದಿಂದ ದಿನಕ್ಕೆ 14 ಸುಳ್ಳು ಎಚ್ಚರಿಕೆ. ಹತ್ತು ಸಾಧನ ಇದ್ದರೆ 144. ಎರಡೇ ದಿನಕ್ಕೆ ನೀವು ನೋಟಿಫಿಕೇಶನ್ ಮ್ಯೂಟ್ ಮಾಡುತ್ತೀರಿ. ಹಾಗಾಗಿ ಸತತ 5 ನಿಮಿಷಗಳಲ್ಲಿ ಕನಿಷ್ಠ 3 ವಿಚಿತ್ರವಾಗಿದ್ದರೆ ಮಾತ್ರ ಮೆಸೇಜ್ ಬರುವಂತೆ ಮಾಡಿ. ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಅಪ್‌ಡೇಟ್ ಆದ ಮೇಲೆ ಮಾಡೆಲ್‌ಗೆ ಹೊಸದಾಗಿ ಕಲಿಸಿ.

ಎಚ್ಚರಿಕೆ ನಿಜವೇ ಆಗಿದ್ದರೆ ನೆಟ್ ತೆಗೆದು ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿ. ಮಿರಾಯ್ ಮೆಮೊರಿಯಲ್ಲಷ್ಟೇ ಇರುವುದರಿಂದ ಅಳಿಸಿಹೋಗುತ್ತದೆ. ಆದರೆ ಪಾಸ್‌ವರ್ಡ್ ಬದಲಿಸಿಯೇ ಮತ್ತೆ ನೆಟ್ ಕೊಡಿ. ಇಲ್ಲದಿದ್ದರೆ ಬೇಗನೇ ವಾಪಸ್ ಬರುತ್ತದೆ.

ಒಂದನ್ನು ಮಾತ್ರ ಈ ಏರ್ಪಾಡು ಹಿಡಿಯಲಾರದು. ನಿಮ್ಮ ಕ್ಲೌಡ್ ಖಾತೆಯ ಪಾಸ್‌ವರ್ಡ್ ಕದ್ದವರು ಆ್ಯಪ್‌ನಲ್ಲಿ ಲಾಗಿನ್ ಆಗಿ ನೋಡುತ್ತಿದ್ದರೆ, ಕ್ಯಾಮೆರಾ ಎಂದಿನ ಸರ್ವರ್‌ಗೇ ವಿಡಿಯೊ ಕಳಿಸುತ್ತಿರಬಹುದು. ಅದಕ್ಕೆ ಎರಡು ಹಂತದ ಲಾಗಿನ್ ಬೇಕು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಇದ್ದರೆ ಇವತ್ತೇ ಆನ್ ಮಾಡಿ.